ರಾಟರ್‌ಡ್ಯಾಮಿನ ಬೀಗರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸುಲಭಾ ಅಂತ ಹೆಸರಿಟ್ಟ ನಮ್ಮಪ್ಪನಿಗೆ ಮುಂದಿನದು ಗೊತ್ತಿರಲಿಲ್ಲ, ಪಾಪ. ಜಮಖಂಡಿಯ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಬಿ.ಕಾಂ. ಹುಡುಗರಿಗೆ ‘ವ್ಯವಹಾರ ಪರಿಸರ’ ಎಂಬ ವಿಷಯ ಕಲಿಸುತ್ತಿದ್ದೇನೆ. ಒಂದು ಕಂಪನಿಯ ಸುತ್ತ ಊರಲ್ಲಿ ಏನು ನಡೆದಿದೆ, ದೇಶದಲ್ಲಿ ಏನು ನಡೆದಿದೆ, ಹೊರದೇಶದಲ್ಲಿ ಏನು ನಡೆದಿದೆ, ಅದರಿಂದ ಕಂಪನಿಗೆ ಒಳ್ಳೆಯದೋ ಕೇಡೋ ಎಂದು ತೂಗಿ ಹೇಳುವ ವಿದ್ಯೆ ಅದು. ಹಲಗೆಯ ಮೇಲೆ ನಾಲ್ಕು ಮನೆಯ ಚೌಕ ಬರೆದು ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಎಂದು ತುಂಬಿಸುತ್ತೇನೆ. ಇದಕ್ಕೆ ಸ್ವಾಟ್ ಅನ್ನುತ್ತಾರೆ. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಸ್ವಾಟ್ ಬಾಯಾರು’ ಅಂತ ಕರೆಯುತ್ತಾರೆ. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಅನ್ನುವುದೇ ವಾಡಿಕೆ. ಈಗ ಆ ಹೆಸರು ಕಿವಿಗೆ ಬಿದ್ದರೆ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ. ನನ್ನದೇ ಕಪಾಳಕ್ಕೆ.

ಮಧುಮತಿ ನನ್ನ ಹಳೆಯ ವಿದ್ಯಾರ್ಥಿನಿ. ಹದಿನೈದು ವರ್ಷಗಳ ಹಿಂದೆ ಮೂರನೆಯ ಬೆಂಚಿನಲ್ಲಿ ಕೂತು, ನಾನು ಕೆಮ್ಮಿದ್ದನ್ನೂ ಬರೆದುಕೊಳ್ಳುತ್ತಿದ್ದ ಹುಡುಗಿ. ಅವರ ಮನೆತನದ್ದು ಬೆಲ್ಲದ ಗಾಣ, ಮುಧೋಳದಿಂದ ಮಹಾಲಿಂಗಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಸಂಜಯ ಗೊಬ್ಬರದ ಅಂಗಡಿ ನೋಡಿಕೊಂಡ, ಗಾಣ ನಡೆಸುವ ಕೆಲಸ ಇವಳ ಪಾಲಿಗೆ ಬಂತು. ಆರು ವರ್ಷಗಳ ಹಿಂದೆ ನನ್ನ ಮನೆಗೆ ಬಂದು, "ಏನ್ ಮಾಡ್ಲಿ ಬಾಯಾರ? ಪ್ಯಾಟಿ ದಲಾಲರು ಹೇಳಿದ್ದಽ ದರ ಆಗೇತಿ. ದಾರಿ ತೋರಸ್ರಿ" ಅಂದಳು.

ಕೇಳಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಹೇಳಿದೆ. ದಲಾಲರನ್ನು ಬಿಡು. ಬೆಲ್ಲಕ್ಕೆ ನಿಮ್ಮಜ್ಜಿ ಶಂಕ್ರೆವ್ವನ ಹೆಸರಿಡು. ಬೆಲ್ಲಕ್ಕೆ ಪುಡಿ ಹಾಕುವುದನ್ನು ಇವತ್ತೇ ನಿಲ್ಲಿಸು. ಹೊರದೇಶಕ್ಕೆ ಕಳಿಸು.

ಪುಡಿ ಅಂದರೆ ಹೈಡ್ರೋಸ್. ಕುದಿಯುವ ಪಾಕದಲ್ಲಿ ನಾಲ್ಕಾರು ಹಿಡಿ ಬಿದ್ದರೆ ಸಾಕು, ಕಪ್ಪಾಗಿ ಬರಬೇಕಾದ ಬೆಲ್ಲ ಹಳದಿ ಬೆಳ್ಳಗೆ ಫಳಫಳ ಅನ್ನುತ್ತದೆ. ಪೇಟೆಯಲ್ಲಿ ಆ ಬಣ್ಣಕ್ಕೇ ಬೆಲೆ. ಆದರೆ ಅದರಲ್ಲಿ ಗಂಧಕ ಇರುತ್ತದೆ, ಹೊಟ್ಟೆಗೆ ಒಳ್ಳೆಯದಲ್ಲ, ಹೊರದೇಶದವರು ಅದರ ವಾಸನೆ ಹತ್ತಿದರೂ ಬಾಗಿಲು ಹಾಕುತ್ತಾರೆ. ಮಧುಮತಿ ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದಳು. ಪುಡಿಯ ಡಬ್ಬಿಗಳನ್ನು ಹೊರಗೆ ಎಸೆದಳು. ನ್ಯೂಜೆರ್ಸಿಯ ಒಬ್ಬ ವ್ಯಾಪಾರಿ ಐದು ವರ್ಷ ಅವಳ ಕಪ್ಪು ಬೆಲ್ಲವನ್ನೆಲ್ಲ ಕಣ್ಣು ಮುಚ್ಚಿ ಕೊಂಡ. ನಾನು ತರಗತಿಯಲ್ಲಿ ಅವಳ ಹೆಸರು ಹೇಳಿ ಹೇಳಿ ಹುಡುಗರ ತಲೆ ತಿಂದೆ.

ಹೋದ ವರ್ಷ, ಎರಡು ಸಾವಿರದ ಇಪ್ಪತ್ತೈದರ ಆಗಸ್ಟಿನಲ್ಲಿ, ಮನೆಮನೆಯಲ್ಲಿ ಗಣಪತಿ ಕೂಡಿಸಿದ ದಿನವೇ ಅಮೆರಿಕದವರು ನಮ್ಮ ಮಾಲಿನ ಮೇಲೆ ನೂರಕ್ಕೆ ಐವತ್ತು ಸುಂಕ ಜಡಿದರು. ನ್ಯೂಜೆರ್ಸಿಯಿಂದ ಎರಡು ಸಾಲಿನ ಮೇಲ್ ಬಂತು. ಕ್ಷಮಿಸಿ, ಇನ್ನು ಆಗುವುದಿಲ್ಲ. ಅಷ್ಟೇ. ಒಬ್ಬನೇ ಗಿರಾಕಿ, ಅವನೂ ಹೋದ. ದಲಾಲರ ಹತ್ತಿರ ಹೋದರೆ ಅವರು ಕಪ್ಪು ಬೆಲ್ಲದ ಪೆಂಟಿಗಳನ್ನು ಕಾಲಲ್ಲಿ ಉರುಳಿಸಿ ನಕ್ಕರಂತೆ. ಒಬ್ಬನೇ ಗಿರಾಕಿಯ ಮೇಲೆ ಕಂಪನಿ ನಿಲ್ಲಿಸಬಾರದು ಎಂದು ಇಪ್ಪತ್ತಾರು ವರ್ಷ ಪರೀಕ್ಷೆಯಲ್ಲಿ ಐದು ಮಾರ್ಕಿನ ಪ್ರಶ್ನೆ ಕೇಳಿದವಳು ನಾನು. ಮಧುಮತಿಗೆ ಮಾತ್ರ ಅದನ್ನು ಹೇಳಿರಲಿಲ್ಲ.

ಸಂಜಯ ಕೆಟ್ಟವನಲ್ಲ. ಆದರೆ ಅವನೂ ಕೈಚೆಲ್ಲಿದ್ದ. "ತಂಗಿ, ಸಂಕ್ರಾಂತಿತನಕ ನೋಡ್ತೇನಿ. ಅಷ್ಟ್ರಾಗ ಹೊಸಾ ಗಿರಾಕಿ ಸಿಕ್ರ ಸಿಕ್ಕಾರ. ಇಲ್ಲಂದ್ರ ಗಾಣ ಕೀಳ್ಸಿ ಕಲ್ಯಾಣ ಮಂಟಪ ಮಾಡೂದಽ ಸೈ" ಅಂದ. ಗಾಣದಲ್ಲಿ ಇಪ್ಪತ್ಮೂರು ಮಂದಿ ದುಡಿಯುತ್ತಿದ್ದರು. ಅದರಲ್ಲಿ ಭೀಮಶಿ ಎಂಬ ಹಿರಿಯ ಅವಳ ಅಪ್ಪನ ಕಾಲದಿಂದ ಪಾಕ ನೋಡುವವನು. ಅವನ ಹೆಂಡತಿ ಲಗಮವ್ವ ಅಲ್ಲಿಯೇ ಕೊಪ್ಪರಿಗೆ ತೊಳೆಯುವವಳು. ಗಾಣದ ಹಿಂದಿನ ಎರಡು ಕೋಣೆಯೇ ಅವರ ಮನೆ.

ಆಮೇಲೆ ನಾವಿಬ್ಬರೂ ಹುಚ್ಚು ಹಿಡಿದವರ ಹಾಗೆ ಗಿರಾಕಿ ಹುಡುಕಿದೆವು. ನೂರ ಹದಿನಾಲ್ಕು ಮೇಲ್ ಬರೆದೆವು. ಹಾಲೆಂಡಿನ ರಾಟರ್‌ಡ್ಯಾಮಿನಿಂದ ಒಂದೇ ಒಂದು ಉತ್ತರ ಬಂತು. ವರ್ಷಕ್ಕೆ ನಾಲ್ಕು ಕಂಟೇನರ್ ಬೇಕು, ಕಪ್ಪು ಬೆಲ್ಲವೇ ಬೇಕು, ಮೂರು ವರ್ಷದ ಕರಾರು. ಆದರೆ ಮೊದಲು ಎರಡು ಕೊಡಿ: ಹೊಸ ಹಂಗಾಮಿನ ಇನ್ನೂರು ಕಿಲೋ ಬೆಲ್ಲ, ಮತ್ತು ನಿಮ್ಮ ಕಂಪನಿಯ ಸ್ಥಳೀಯ ಹಾಗೂ ಅಂತರರಾಷ್ಟ್ರೀಯ ವ್ಯವಹಾರ ಪರಿಸರದ ಒಂದು ವರದಿ. ಕಬ್ಬು ಎಲ್ಲಿಂದ ಬರುತ್ತದೆ, ನಾಳೆ ಸರ್ಕಾರ ರಫ್ತು ನಿಲ್ಲಿಸಿದರೆ ಏನು, ಕೆಲಸದವರು ಬಿಟ್ಟು ಹೋದರೆ ಏನು, ಎಲ್ಲವೂ ಅದರಲ್ಲಿ ಇರಬೇಕು. ಎರಡೂ ನವೆಂಬರ್ ಮುಗಿಯುವುದರೊಳಗೆ ಕೈಸೇರಬೇಕು.

ಮಧುಮತಿ ಆ ಮೇಲನ್ನು ಓದಿ ನನ್ನ ಸೋಫಾದ ಮೇಲೆ ಕೂತು ಅತ್ತುಬಿಟ್ಟಳು. "ವರದಿ ನೀವಽ ಬರೀರಿ ಬಾಯಾರ. ಇದೊಂದು ಕೈಬಿಟ್ರ ನನಗ ಬ್ಯಾರೆ ದಾರಿ ಇಲ್ಲ" ಅಂದಳು.

"ಅಳಬ್ಯಾಡ, ಮೊದಲು ಕಣ್ಣೊರಸ್ಕೊ. ನಾ ಬರೀತೀನಿ" ಅಂದೆ. ಒಳಗೊಳಗೆ ನನಗೆ ಖುಷಿಯಾಗಿತ್ತು ಅಂತ ಹೇಳಲು ಈಗ ನಾಚಿಕೆಯಾಗುತ್ತದೆ. ಇಷ್ಟು ವರ್ಷ ಬರೀ ಪುಸ್ತಕದ ಕಂಪನಿಗಳನ್ನು ಕೊಯ್ದು ನೋಡಿದವಳಿಗೆ ಒಂದು ಖರೆ ಕಂಪನಿ ಸಿಕ್ಕಿತ್ತು.

ಬರೆದೆ ನೋಡಿ, ನಲವತ್ತೆರಡು ಪುಟ! ಚಿಕ್ಕಪಡಸಲಗಿಯ ಬ್ಯಾರೇಜಿನಲ್ಲಿ ಯಾವ ತಿಂಗಳು ಎಷ್ಟು ನೀರು ನಿಲ್ಲುತ್ತದೆ ಎಂದು ಹೋಗಿ ಕೇಳಿ ಬಂದೆ. ಸಾವಳಗಿಯಿಂದ ಬೀಳಗಿಯವರೆಗೆ ಬಸ್ಸಿನಲ್ಲಿ ಓಡಾಡಿ ಯಾವ ಊರಿನ ಕಬ್ಬು ಯಾವ ಕಾರ್ಖಾನೆಗೆ ಹೋಗುತ್ತದೆ, ಗಾಣಕ್ಕೆ ಎಷ್ಟು ಉಳಿಯುತ್ತದೆ ಎಂದು ಪಟ್ಟಿ ಮಾಡಿದೆ. ಯುರೋಪಿನ ಗಂಧಕದ ಮಿತಿ, ಕೆಂಪು ಸಮುದ್ರದ ಹಡಗು ದಾರಿ, ಕೊಲಂಬಿಯಾ ದೇಶದವರು ಮಾಡುವ ಬೆಲ್ಲ, ಅದರ ಸಾಗಣೆ, ಯೂರೋ ಏರಿಳಿತ, ಒಂದನ್ನೂ ಬಿಡಲಿಲ್ಲ. ಬಣ್ಣಬಣ್ಣದ ನಕ್ಷೆ ಹಾಕಿದೆ. ಕೆಲಸಗಾರರ ಬಗ್ಗೆ ಒಂದು ಸಾಲು ಬರೆದೆ: ‘ಅನುಭವಿಗಳು, ನಿಷ್ಠಾವಂತರು.’ ಅದನ್ನು ಶಕ್ತಿಯ ಮನೆಯಲ್ಲಿ ಮೊದಲನೆಯ ಅಂಶವಾಗಿ ಇಟ್ಟೆ. ಆ ಅನುಭವಿಗಳ ಹತ್ತಿರ ಹೋಗಿ ಐದು ನಿಮಿಷ ಕೂತು ಮಾತಾಡಿರಲಿಲ್ಲ.

ಅದೇ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ರೈತರ ಹೋರಾಟ ಎದ್ದಿತು. ರಸ್ತೆಯೆಲ್ಲ ಬಂದ್. ಮುಧೋಳದ ಸುತ್ತ ಒಂದು ಟ್ರ್ಯಾಕ್ಟರೂ ಅಲುಗಾಡಲಿಲ್ಲ. ಎಂಟು ದಿನ ಗಾಣಕ್ಕೆ ಒಂದು ಜಲ್ಲೆ ಕಬ್ಬು ಬರಲಿಲ್ಲ. ರೈತರದು ಖರೆ ನೋವು, ಅವರನ್ನು ಏನೂ ಅನ್ನುವ ಹಾಗಿಲ್ಲ. ಆದರೆ ನಮ್ಮ ದಿನಗಳು ಕೈಯಿಂದ ಜಾರುತ್ತಿದ್ದವು. ಕೊನೆಗೆ ದಾರಿ ಬಿಟ್ಟು ಕಬ್ಬು ಬಂದಾಗ ಉಳಿದದ್ದು ಒಂದೇ ದಿನ. ಬೆಳಿಗ್ಗೆ ಕುದಿಸಬೇಕು, ಸಂಜೆ ಪ್ಯಾಕ್ ಆಗಬೇಕು, ಮರುದಿನ ವಿಮಾನದ ಕೊರಿಯರಿಗೆ ಕೊಡಬೇಕು. ಇಲ್ಲಿ ಪ್ರಯೋಗಾಲಯಕ್ಕೆ ಕಳಿಸಿ ತಪಾಸಣೆ ಮಾಡಿಸಲು ಹೊತ್ತಿರಲಿಲ್ಲ. ಆರು ವರ್ಷ ಎಲ್ಲ ತಪಾಸಣೆಯಲ್ಲೂ ಪಾಸಾದ ಬೆಲ್ಲ, ಏನಾಗುತ್ತದೆ ಎಂದುಕೊಂಡೆವು.

ಮಧುಮತಿ ಕಾಗದಪತ್ರಕ್ಕಾಗಿ ಹುಬ್ಬಳ್ಳಿಗೆ ಹೋಗಬೇಕಾಯಿತು. "ಬಾಯಾರ, ಇವತ್ತೊಂದು ದಿನ ನೀವು ಗಾಣದಾಗ ನಿಂದರ್ರಿ" ಅಂದಳು. ನಿಂತೆ, ಸೆರಗು ಮೂಗಿಗೆ ಹಿಡಿದುಕೊಂಡು.

ಹೋದ ಕೂಡಲೇ ಲಗಮವ್ವ ಒಂದು ತಾಟಿನಲ್ಲಿ ಬೆಲ್ಲದ ತುಂಡು, ಒಂದು ತಂಬಿಗೆ ನೀರು ತಂದಿಟ್ಟಳು. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ರಿವಾಜು. ಬೆಲ್ಲ ನೋಡಿದರೆ ಬೆಳ್ಳಗೆ ಬೆಣ್ಣೆಯ ಹಾಗಿತ್ತು.

"ಅಗಬಾಯಿ! ಇದು ನಿಮ್ಮ ಗಾಣದ್ದಲ್ಲ" ಅಂದೆ.

"ಪ್ಯಾಟ್ಯಾಗಿಂದ ತರಸೇನ್ರಿ. ಬಂದವರಿಗೆ ಕರೀದು ಹ್ಯಾಂಗ ಕೊಡೂದ್ರಿ?" ಎಂದು ನಕ್ಕಳು.

ಗಾಣದಲ್ಲಿ ಬೆಲ್ಲ ಮಾಡುವವರೇ ಬಂದವರಿಗೆ ಕೊಡಲು ಪೇಟೆಯಿಂದ ಬೆಲ್ಲ ಕೊಂಡು ತರುತ್ತಾರೆ! ನಾನೂ ನಕ್ಕೆ. ತಿಂದು ನೀರು ಕುಡಿದೆ. ಕಣ್ಣೆದುರಿಗೆ ತಾಟಿನಲ್ಲಿ ಇಟ್ಟುಕೊಟ್ಟದ್ದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ನಲವತ್ತೆರಡು ಪುಟ ಬರೆದ ಮಹಾಬುದ್ಧಿವಂತೆ!

ಕೊಪ್ಪರಿಗೆಯಲ್ಲಿ ಹಾಲು ಕುದಿಯತೊಡಗಿತ್ತು. ಕಬ್ಬಿನ ರಸಕ್ಕೆ ಇಲ್ಲಿ ಹಾಲು ಎನ್ನುತ್ತಾರೆ. ಭೀಮಶಿ ಬೆಂಡಿಗಿಡದ ಲೋಳೆ ಹಾಕಿ, ಮೇಲೆ ಬಂದ ಹೊಲಸನ್ನು ಜಾಲರಿಯಿಂದ ತೆಗೆಯುತ್ತ ನನ್ನ ಕಡೆ ನೋಡಿದ. ಎತ್ತರದ, ಬಡಕಲು ಮನುಷ್ಯ. ಬಲಗೈ ಬೆರಳುಗಳ ತುದಿ ಪಾಕ ಮುಟ್ಟಿ ಮುಟ್ಟಿ ಮರಗಟ್ಟಿವೆ.

"ಬಾಯಾರ, ಇಷ್ಟು ಕರ್ರಗಿಂದು ಕಳಸಾವರೇನ್ರಿ ಮತ್ತ?"

"ಹೌದಪಾ. ಅವರಿಗೆ ಅದಽ ಬೇಕಂತ."

"ಎಮ್ಮಿ ಈದ್ರ ತಿನಸ್ತೇವಲ್ರಿ ಇಂಥಾದ್ದು."

"ಭೀಮಶಿ, ನನ್ನ ತಲಿ ತಿನ್ನಬ್ಯಾಡ. ಅದೆಲ್ಲಾ ನಿನಗ ತಿಳಿಯೂದಿಲ್ಲ" ಅಂದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ನನ್ನ ಬಾಯಿಗೆ ಬೀಗ ಎಲ್ಲಿದೆ? ಅವನಿಗೆ ಸ್ವಲ್ಪ ಮನಸ್ಸಿಟ್ಟು ಮಾಡಲಿ ಎಂದು ಮತ್ತೆ ಕರೆದು ಹೇಳಿದೆ: "ನೋಡು, ಈ ಸಲ ಏನರ ಹೆಚ್ಚುಕಮ್ಮಿ ಆತು ಅಂದ್ರ ಗಾಣ ಉಳಿಯೂದಿಲ್ಲ. ಇದು ಪ್ಯಾಟಿಗೆ ಹೋಗೋ ಬೆಲ್ಲ ಅಲ್ಲ. ನಿನ್ನ ಮಗಳನ್ನ ಕೊಟ್ಟ ಬೀಗರ ಮನಿಗೆ ಹೋಗೋ ಬೆಲ್ಲ ಅಂತ ತಿಳಿ. ಅಷ್ಟು ಕಾಳಜೀಲೆ ಮಾಡು."

ಅವನ ಕೈ ಒಂದು ಕ್ಷಣ ನಿಂತಿತು. "ಬೀಗರ ಮನಿಗೇನ್ರಿ?"

"ಹೂಂ. ಬೀಗರ ಮನಿಗೇ."

"ಆತು ತಗೋರಿ" ಅಂದ. ಮುಖ ಅರಳಿತ್ತು. "ನೀವು ಕಾಳಜಿ ಬಿಡ್ರಿ. ಒಳಗ ಹೋಗಿ ಕುಂದರ್ರಿ, ಹೊಗಿ ಬರತೈತಿ."

ನಾನು ಒಳಗೆ ಹೋಗಿ ಕೂತು ರಾಟರ್‌ಡ್ಯಾಮಿನವರಿಗೆ ಪತ್ರ ಬರೆದೆ. ಮಧ್ಯಾಹ್ನ ಅಚ್ಚಿನಿಂದ ಪೆಂಟಿಗಳನ್ನು ಬಿಡಿಸಿದಾಗ ಬೆಲ್ಲ ಎಂದಿಗಿಂತ ತುಸು ತಿಳಿಯಾಗಿ, ಜೇನಿನ ಬಣ್ಣಕ್ಕೆ ಬಂದಿತ್ತು. ಎಳೆಯ ಚಳಿಗೆ ಬಂದ ಹೊಸ ಕಬ್ಬಿನ ಗುಣ ಇರಬೇಕು ಎಂದುಕೊಂಡೆ. ಭೀಮಶಿ ದೂರದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. "ಛಲೋ ಬಂದದ ಭೀಮಶಿ" ಅಂದೆ. ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿದೆ: ‘ಈ ಸಲದ ಬೆಲ್ಲದ ನೈಸರ್ಗಿಕ ಹೊಂಬಣ್ಣವನ್ನು ತಾವು ಗಮನಿಸಬೇಕು.’ ಗಮನಿಸಿದರು.

ಡಿಸೆಂಬರ್ ಇಪ್ಪತ್ತಕ್ಕೆ ಉತ್ತರ ಬಂತು. ಮಧುಮತಿ ಸ್ಟಾಫ್ ರೂಮಿಗೆ ಬಂದು ಫೋನನ್ನು ನನ್ನ ಕೈಗಿಟ್ಟಳು. ನಿಮ್ಮ ವರದಿ ನಾವು ಈ ವರ್ಷ ಓದಿದ ವರದಿಗಳಲ್ಲೇ ಅತ್ಯುತ್ತಮ ಎಂದು ಮೊದಲ ಸಾಲು. ಆಮೇಲೆ ಬೆಲ್ಲದ ಮಾತು. ಗಂಧಕ ಕಿಲೋಗೆ ಹತ್ತು ಮಿಲಿಗ್ರಾಮಿನೊಳಗೆ ಇರಬೇಕಿತ್ತು, ಎಂಬತ್ತೆರಡು ಇದೆ. ರಾಸಾಯನಿಕ ಬಳಸುವುದಿಲ್ಲ ಎಂದು ನೀವು ಬರೆದುಕೊಟ್ಟಿದ್ದೀರಿ. ಆದ್ದರಿಂದ ಮಾತುಕತೆ ಮುಂದುವರಿಸಲು ಸಾಧ್ಯವಿಲ್ಲ.

"ಹೆಂಗ್ ಸಾಧ್ಯ ಬಾಯಾರ?" ಅಂದಳು. "ಪುಡಿ ಎಲ್ಲೈತಿ ನಮ್ಮಲ್ಲಿ? ಆರು ವರ್ಷದ ಹಿಂದಽ ಎಸದೇನಲ್ಲ!"

"ಪಾಕಕ್ಕ ಹಾಕೋ ಸುಣ್ಣದಾಗ ಏನರ ಕಲಬೆರಕಿ ಆಗಿರಬೇಕು. ನಡಿ, ಹೋಗಿ ಕೇಳೋಣ. ಎಲ್ಲಿ ತಪ್ಪಾಗೇದ ಅಂತ ತಿಳಿದರ ಇನ್ನೊಂದು ಸಲ ಅವಕಾಶ ಕೇಳಬಹುದು" ಅಂದೆ.

ನಮ್ಮಿಬ್ಬರನ್ನೂ ಒಟ್ಟಿಗೆ ಕಂಡ ಭೀಮಶಿ ಹೆಗಲ ಮೇಲಿನ ಟವೆಲಿನಿಂದ ಕಟ್ಟೆ ಒರೆಸಿ, "ಬರ್ರಿ ಬರ್ರಿ, ಕುಂದರ್ರಿ" ಅಂದ. ಒಳ್ಳೆಯ ಸುದ್ದಿ ತಂದಿದ್ದೇವೆ ಎಂದುಕೊಂಡಿದ್ದ. ನಾನು ಕೇಳಿದೆ: "ಭೀಮಶಿ, ಆವತ್ತು ಪಾಕಕ್ಕ ಏನೇನು ಹಾಕಿದಿ? ಒಂದೊಂದಽ ಹೇಳು ನೋಡೋಣ."

"ಬೆಂಡಿ ಲೋಳಿ ಹಾಕಿದೆ. ಸುಣ್ಣದ ತಿಳಿ ಹಾಕಿದೆ. ಉಕ್ಕಿ ಬರಬಾರ್ದಂತ ನಾಕ ಹನಿ ಎಣ್ಣಿ." ಆಮೇಲೆ ತಲೆ ಕೆರೆದುಕೊಂಡು, ಮದುಮಗನ ಹಾಗೆ ನಾಚಿ ನಕ್ಕ. "ಮತ್ತೊಂದು ಐತ್ರಿ. ಸಿಟ್ಟ್ ಮಾಡಬಾರ್ದು ನೋಡ್ರಿ."

ಮಧುಮತಿ ನನ್ನ ಕೈ ಹಿಡಿದುಕೊಂಡಳು. "ಏನ್ ಕಾಕಾ?"

"ಒಂದಽ ಒಂದು ಹಿಡಿ ಪುಡಿ ಹಾಕೇನವಾ. ನಿನ್ನ ರೊಕ್ಕ ಅಲ್ಲ, ನನ್ನ ರೊಕ್ಕದಾಗ ಮಹಾಲಿಂಗಪುರದಿಂದ ತಂದಿದ್ದೆ. ಅಮೇರಿಕಾದವ್ರು ಬ್ಯಾಡಂದ್ರಲ್ಲ, ಅವಾಗಿಂದ ನನ್ನ ತಲ್ಯಾಗ ಅದಽ ಇಚಾರ. ಐದು ವರ್ಷ ಕರೀದು ತಿಂದ್ರು, ಎಷ್ಟಂತ ತಿಂದಾರು? ಬ್ಯಾಸರಾಗಿ ಬಿಟ್ರು. ಅಂದಽ ತಂದಿಟ್ಟೆ. ಆದ್ರ ನೀ ಬ್ಯಾಡಂದಿದ್ದಿ, ಕೈ ಬರಲಿಲ್ಲ. ಆವತ್ತು ಬಾಯಾರಽ ಹೇಳಿದ್ರು, ಬೀಗರ ಮನಿಗೆ ಹೋಗೂ ಬೆಲ್ಲ ಅಂತ. ಬೀಗರ ತಾಟಿನ್ಯಾಗ ಕರೀ ಬೆಲ್ಲ ಇಟ್ಟಾರೇನವಾ ಯಾರರ? ನಿಮ್ಮಪ್ಪನ ಗಾಣದ ಮಾನ ಏನುಳೀತಿತ್ತು? ಅದಕ್ಕಽ ಹಾಕಿದೆ." ಇಷ್ಟು ಹೇಳಿ ನಮ್ಮಿಬ್ಬರ ಮುಖ ನೋಡಿದ. "ಏನಂದ್ರು ಅವ್ರು? ಛಲೋ ಐತಿ ಅಂದ್ರೇನ್ರಿ?"

ಅವನು ಕೂಡ ಕೂತು ವ್ಯವಹಾರ ಪರಿಸರದ ವಿಶ್ಲೇಷಣೆ ಮಾಡಿದ್ದ. ಗಿರಾಕಿ ಯಾಕೆ ಹೋದ, ಹೊಸ ಗಿರಾಕಿಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಮೂರು ತಿಂಗಳು ಯೋಚಿಸಿ, ತನ್ನ ದುಡ್ಡು ಹಾಕಿ, ತನಗೆ ತಿಳಿದ ಉಪಾಯ ಮಾಡಿದ್ದ. ಸುಂಕದ ಸುದ್ದಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಪುಡಿ ಯಾಕೆ ಬೇಡ ಎಂಬುದನ್ನೂ ಹೇಳಿರಲಿಲ್ಲ. ಹಾಕಬೇಡ ಎಂದಷ್ಟೇ ಹೇಳಿದ್ದೆವು, ಅವನು ಆರು ವರ್ಷ ಹಾಕಿರಲಿಲ್ಲ.

"ಛಲೋ ಐತಿ ಅಂದ್ರು ಕಾಕಾ" ಅಂದಳು ಮಧುಮತಿ. ಆ ಹುಡುಗಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. ಹೊರಗೆ ಬಂದು ಗಾಡಿಯ ಬಾಗಿಲು ತೆರೆಯಲಾಗದೆ, ಅದಕ್ಕೇ ಹಣೆ ಹಚ್ಚಿ ನಿಂತಳು. "ನಾನಽ ಹೇಳಬೇಕಾಗಿತ್ತು ಬಾಯಾರ" ಅಂದಳು.

"ನಾ ಹೇಳಬೇಕಾಗಿತ್ತು. ಸುಮ್ಮನಿರು" ಎಂದು ಗದರಿದೆ. ಗದರಲು ಬೇರೆ ಯಾರೂ ಇರಲಿಲ್ಲ.

ಅವತ್ತಿನಿಂದ ಮೂರು ವಾರ ನಾನು ರಾಟರ್‌ಡ್ಯಾಮಿಗೆ ಬರೆದ ಮೇಲ್‌ಗಳನ್ನು ಈಗ ತೆರೆದು ನೋಡುವ ಧೈರ್ಯವಿಲ್ಲ. ಐವತ್ನಾಲ್ಕು ವರ್ಷದ ಹೆಂಗಸು, ಕಾಲು ಹಿಡಿಯುವುದೊಂದು ಬಾಕಿ. ತಪ್ಪು ನಮ್ಮದು, ಮೋಸ ಅಲ್ಲ. ಇನ್ನೊಮ್ಮೆ ಮಾಡಿ ಕಳಿಸುತ್ತೇವೆ, ನಿಮ್ಮವರೇ ಬಂದು ಎದುರಿಗೆ ನಿಂತು ಮಾಡಿಸಲಿ, ಇಪ್ಪತ್ಮೂರು ಮಂದಿಯ ಹೊಟ್ಟೆ. ಬೀಗರ ತಾಟಿನ ಮಾತನ್ನೂ ಬರೆದೆ. ಅದು ಅವರಿಗೆ ಹೇಗೆ ತಿಳಿಯಬೇಕು? ಜನವರಿ ಎಂಟಕ್ಕೆ ಒಂದು ಉತ್ತರ ಬಂತು: ಕರಾರು ಕೊಲಂಬಿಯಾದವರ ಜೊತೆ ಆಗಿದೆ, ಶುಭವಾಗಲಿ. ನನ್ನ ವರದಿಯ ಮೂವತ್ತೊಂದನೆಯ ಪುಟದಲ್ಲಿ ಕೊಲಂಬಿಯಾ ಬಗ್ಗೆ ನಾನೇ ಬರೆದಿದ್ದೆ, ‘ದೂರದ ಸ್ಪರ್ಧಿ, ಸದ್ಯಕ್ಕೆ ಆತಂಕವಿಲ್ಲ’ ಎಂದು.

ಸಂಕ್ರಾಂತಿ ಮುಗಿಯಿತು. ಸಂಜಯ ಮತ್ತೆರಡು ದಿನ ತಡೆದ, ತಂಗಿಯ ಮುಖ ನೋಡಿ. ಮೂರನೆಯ ದಿನ ಗ್ಯಾಸ್ ಕಟರ್ ಹಿಡಿದ ಮಂದಿ ಬಂದರು.

ನನಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಹೋಗದೆ ಇದ್ದರೆ ಇನ್ನು ಆ ರಸ್ತೆಯಲ್ಲಿ ಎಂದೂ ಹೋಗಲಾರೆ ಅನ್ನಿಸಿತು. ಬಸ್ಸಿಳಿದು ನಡೆದು ಬಂದರೆ ಲಗಮವ್ವ ಬೇಲಿಯ ಹತ್ತಿರವೇ ಕಾಯುತ್ತಿದ್ದಳು. ಒಳಗಿನ ಸದ್ದಿಗೆ ಅವಳ ಮಾತು ಕೇಳಿಸದೆ ನಾನು ಹತ್ತಿರ ಬಾಗಬೇಕಾಯಿತು.

"ಬಾಯಾರ, ಆವತ್ತು ಮಧುಮತಿ ತಂಗಿ ಮಾರಿ ನೋಡಿದಾಗಽ ನನಗ ತಿಳೀತ್ರಿ. ಆ ಪುಡೀಲೆಽ ಕೆಟ್ಟೈತಿ, ಹೌದಲ್ರಿ?"

ನಾನು ತಲೆ ತಗ್ಗಿಸಿದೆ.

"ಅವಗ ಹೇಳಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನ್ರಿ. ನನ್ನ ಕೈಲೆ ಗಾಣ ಕೆಟ್ಟಿತು ಅಂತ ತಿಳದ್ರ ಅವ ಉಣ್ಣೂದ ಬಿಡ್ತಾನ. ಬ್ಯಾರೆ ಏನರ ಹೇಳ್ರಿ. ನೀವು ಕಲ್ತವರದೀರಿ, ಹೇಳಾಕ ಬರತೈತಿ ನಿಮಗ."

"ಹೇಳ್ತೀನಿ ಲಗಮವ್ವಾ" ಅಂದೆ. ಮನಸ್ಸಿನಲ್ಲಿ ಒಂದು ಸಮಾಧಾನ ಮಾಡಿಕೊಂಡೆ: ಇಷ್ಟಾದರೂ ಮಾಡಬಹುದು, ಈ ಒಬ್ಬ ಮನುಷ್ಯನ ಅನ್ನವನ್ನಾದರೂ ಉಳಿಸಬಹುದು.

ಭೀಮಶಿ ಒಲೆಯ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಒಲೆ ಆರಿ ಬೂದಿಯಾಗಿತ್ತು. ನನ್ನನ್ನು ಕಂಡು ಎದ್ದು ನಿಂತ. ಕೈಮುಗಿಯಲಿಲ್ಲ, ಮರೆತನೋ ಏನೋ.

"ಛಲೋ ಐತಿ ಅಂದ್ರಂತ ತಂಗಿ ಹೇಳಿತ್ತು. ಮತ್ತ ಯಾಕ ಕೀ‍ಳಾಕತ್ತಾರ್ರಿ ಬಾಯಾರ?"

ನಾನು ಅವನ ಪಕ್ಕದ ಕಟ್ಟೆಯ ಮೇಲೆ ಕೂತೆ. "ಸುಂಕ, ಭೀಮಶಿ. ಸುಂಕದಿಂದ ಕೆಟ್ಟಿತು."

"ಸುಂಕ ಅಂದ್ರ?"

"ಈಗ ನೋಡು, ನಿಮ್ಮ ಊರಿಗೆ ಒಂದು ಅಗಸಿ ಅದ ಅಂತ ತಿಳಿ. ಹೊರಗಿನವರು ಮಾಲು ತಂದರ ಅಗಸಿ ಬಾಗಲದಾಗ ಇಷ್ಟು ಅಂತ ಕೊಟ್ಟು ಒಳಗ ಬರಬೇಕು. ಅಮೆರಿಕದವರ ಅಗಸ್ಯಾಗ ಮೊದಲು ಸ್ವಲ್ಪ ಇತ್ತು. ಈಗ ನೂರು ರೂಪಾಯಿ ಬೆಲ್ಲಕ್ಕ ಐವತ್ತು ರೂಪಾಯಿ ಕೊಡು ಅಂದರು."

ಅವನು ಬೆರಳು ಮಡಚಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. "ಅಂದ್ರ ನೂರರದು ನೂರೈವತ್ತಾತು. ಅಂಗಡ್ಯಾಂವ ಅದರ ಮ್ಯಾಲ ತನ್ನದು ಹಾಕ್ತಾನ. ತಗೋಳಾಂವ ಯಾಕ ತಗೊಂತಾನ್ರಿ? ಬ್ಯಾರೆ ಊರಿಂದು ತಗೊಂತಾನ."

"ಶಾಬಾಸ್! ಅದಽ ಆಗಿದ್ದು!" ನನ್ನ ಮೂರನೆಯ ವರ್ಷದ ಹುಡುಗರಿಗೆ ಎರಡು ತಾಸು ಬೇಕಾಗಿದ್ದನ್ನು ಇವನು ಎರಡು ನಿಮಿಷದಲ್ಲಿ ಹಿಡಿದಿದ್ದ. ಎದೆ ಒಡೆದ ಆ ಹೊತ್ತಿನಲ್ಲೂ ನನ್ನೊಳಗಿನ ಮಾಸ್ತರಿಕೆ ಹಿಗ್ಗಿತು.

"ಯಾವಾಗಿಂದ ಇದು?"

"ಗಣಪತಿ ಕೂಡಿಸಿದ ದಿನದಿಂದ."

"ಅವಾಗಽ ಅಲ್ರಿ ಅವರು ಬ್ಯಾಡಂದಿದ್ದು?" ಅವನು ಒಲೆಯ ಬೂದಿಯ ಕಡೆ ನೋಡಿದ. "ಹಂಗಾರ ಬಣ್ಣಕ್ಕ ಬ್ಯಾಡಂದಿದ್ದಲ್ಲೇನ್ರಿ?"

"ಅಯ್ಯ, ಬಣ್ಣಕ್ಕೂ ಅದಕ್ಕೂ ಸಂಬಂಧಽ ಇಲ್ಲ. ಅವರಿಗೆ ಕರೀದಽ ಬೇಕಾಗಿತ್ತು" ಅಂದೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇಪ್ಪತ್ತಾರು ವರ್ಷದ ಚಟ, ಹುಡುಗರು ಪ್ರಶ್ನೆ ಕೇಳಿದರೆ ಸರಿಯುತ್ತರ ತಾನಾಗಿ ಬಾಯಿಗೆ ಬರುತ್ತದೆ. ಬೇಲಿಯ ಹತ್ತಿರ ಲಗಮವ್ವ ನಿಂತಲ್ಲೇ ನಿಂತಿದ್ದಳು. ನನ್ನ ಮಾತು ಅವಳಿಗೆ ಕೇಳಿಸಲಿಲ್ಲ ಎಂದೇ ನಂಬಿದ್ದೇನೆ.

"ಈ ಹಾಲಂಡದವ್ರಿಗೂ ಖರೇನಽ ಕರೀದಽ ಬೇಕಾಗಿತ್ತೇನ್ರಿ?"

ನಾನು ಏನಾದರೂ ಹೇಳಬೇಕಿತ್ತು. ಸುಳ್ಳು ಸಿದ್ಧವಾಗಿಯೇ ಇತ್ತು. ಅವರೂ ಸುಂಕ ಹಾಕಿದರು ಎಂದರೆ ಮುಗಿಯುತ್ತಿತ್ತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತೆ. ಅವನು ನನ್ನ ಮುಖವನ್ನು ಓದಿದ, ಕುದಿಯುವ ಹಾಲಿನ ಬಣ್ಣ ನೋಡಿ ಪಾಕ ಬಂತೋ ಇಲ್ಲವೋ ಎಂದು ಹೇಳುವ ಮನುಷ್ಯ. ಓದಿ ಮುಗಿಸಿ ಬೇರೆ ಕಡೆ ತಿರುಗಿದ.

"ಹಂಗಾರ ಪುಡಿ ಬೇಕಾಗಿದ್ದಿಲ್ಲ" ಅಂದ.

"ತಪ್ಪು ನಂದು, ಭೀಮಶಿ. ಬೀಗರು ಅಂದದ್ದು ನಾನು. ನಿನಗ ಎಲ್ಲಾ ಮೊದಲಽ ಬಿಡಿಸಿ ಹೇಳಬೇಕಾಗಿತ್ತು. ನನ್ನ ಬೈ, ಬೇಕಾದಷ್ಟು ಬೈ."

ಬೈಯಲಿಲ್ಲ. ಒಳಗಿನಿಂದ ಕಟರ್‌ನವರು ಕೊಪ್ಪರಿಗೆ ಎತ್ತಲು ಒಂದು ಕೈ ಕಡಿಮೆ ಇದೆ ಎಂದು ಕೂಗಿದರು. ಟವೆಲನ್ನು ಸೊಂಟಕ್ಕೆ ಬಿಗಿದು ಅವನು ಹೋದ. ಎಡಗಡೆಯ ಅಂಚನ್ನು ಹಿಡಿದ. ನಾಲ್ಕು ಮಂದಿ ಏದುಸಿರು ಬಿಡುತ್ತ ಅದನ್ನು ಟ್ರ್ಯಾಕ್ಟರಿಗೆ ಹೇರುವವರೆಗೆ ಅವನು ಕೈ ಬಿಡಲಿಲ್ಲ. ಸಂಜಯ ದೂರದಲ್ಲಿ ಫೋನ್ ಹಿಡಿದು ಬೇರೆ ಕಡೆ ನೋಡುತ್ತ ನಿಂತಿದ್ದ. ಮಧುಮತಿ ಬಂದೇ ಇರಲಿಲ್ಲ.

ನಾನು ಹೊರಡಲು ಎದ್ದೆ. ಭೀಮಶಿ ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತ ಬಂದು, "ನಿಂದರ್ರಿ, ಹಂಗಽ ಹೋಗಬಾರ್ದು" ಅಂದ. "ಲಗಮಾ, ಬಾಯಾರಿಗೆ ಬೆಲ್ಲಾ ನೀರು ತಾ."

ಲಗಮವ್ವ ತಾಟು ತಂದಳು. ಅದರಲ್ಲಿ ಪೇಟೆಯ ಬೆಳ್ಳನೆಯ ಬೆಲ್ಲದ ತುಂಡು ಇತ್ತು. ಅವನು ತಾಟನ್ನು ನೋಡಿದ.

"ಅದಲ್ಲ" ಅಂದ. "ನಮ್ಮ ಗಾಣದ್ದು ತಾ. ಕರೀದು."

"ಬಂದವರಿಗೆ..." ಎಂದು ಶುರುಮಾಡಿದವಳು ಅವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಮೊದಲು ಅವನನ್ನು, ಆಮೇಲೆ ನನ್ನನ್ನು ನೋಡಿದಳು. ಒಳಗೆ ಹೋಗಿ ಕಪ್ಪು ಬೆಲ್ಲ ತಂದಳು.

ಅವನು ನೋಡುತ್ತ ನಿಂತ. ನಾನು ಅಷ್ಟನ್ನೂ ತಿಂದೆ, ನೀರು ಕುಡಿದೆ, ತಂಬಿಗೆ ಕೆಳಗಿಟ್ಟೆ.

"ಛಲೋ ಐತೇನ್ರಿ?" ಎಂದು ಕೇಳಿದ.